ಕಲ್ಲಿನ ವಯಸ್ಸೋ, ಮಣ್ಣಿನ ವಯಸ್ಸೋ?

ವೃತ್ತಪತ್ರಿಕೆಗಳ ವಿಜ್ಞಾನ ವಾರ್ತೆಗಳನ್ನು ತಪ್ಪದೆ ಓದುವವರಿಗೆ ಒಂದು ಸಂಗತಿ ಗೋಚರವಾಗದೆ ಇರದು. ಎಲ್ಲಿಯೋ ಒಂದು ಕಲ್ಲು, ಒಂದು ಎಲುಬು, ಇಲ್ಲವೆ ಒಂದು ಹಿಡಿ ಇದ್ದಲು ದೊರೆತು, ಮಾನವನ ಇತಿಹಾಸವು ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿಯಿತೆಂಬ ಸುದ್ದಿ ಆಗಿಂದಾಗ್ಗೆ ಬರುತ್ತಲೇ ಇರುತ್ತದೆ. ವರ್ಷಗಳ ಅಂಕೆ ದಪ್ಪ ಅಕ್ಷರದಲ್ಲಿರುತ್ತದೆ. ಅದನ್ನು ಅಳೆದವರು ಯಾವ ವಸ್ತುವನ್ನು ಅಳೆದರು, ಯಾವ ಕ್ರಮದಿಂದ ಅಳೆದರು, ಎಷ್ಟು ತಪ್ಪಿರಬಹುದೆಂದು ತಾವೇ ಒಪ್ಪಿಕೊಂಡರು ಎಂಬ ಮೂರು ವಿಷಯಗಳು ಸಣ್ಣ ಅಕ್ಷರದಲ್ಲಿಯೂ ಇರುವುದಿಲ್ಲ. ಲೋಲಕದ ಪ್ರಯೋಗದಲ್ಲಿ ದೋಷದ ಲೆಕ್ಕವನ್ನು ಬರೆಯದೆ ತಂದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ. ಅದೇ ವಿದ್ಯಾರ್ಥಿ ಮನೆಗೆ ಹೋಗಿ ಓದುವ ಪತ್ರಿಕೆಗೆ ಅಂತಹ ಕಟ್ಟುಪಾಡು ಯಾವುದೂ ಇಲ್ಲ.

ಇದನ್ನು ದೂರದ ದೇಶದ ವಿಷಯವೆಂದು ಬಿಟ್ಟುಬಿಡುವಂತಿಲ್ಲ. ಬಾದಾಮಿ ತಾಲ್ಲೂಕಿನ ಚೊಳಚಗುಡ್ಡ, ಖ್ಯಾಡ, ಲಖಮಾಪುರಗಳ ಆಸುಪಾಸಿನ ಮಲಪ್ರಭೆಯ ಕಣಿವೆಯು ಇಂತಹ ವಾರ್ತೆಗಳಿಗೆ ಬೇಕಾದ ಕಚ್ಚಾವಸ್ತುವನ್ನು ತುಂಬಿಕೊಂಡಿರುವ ನೆಲ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಭಾರತದ ಮೊದಲ ಹಳೆಶಿಲಾಯುಗದ ಆಯುಧವನ್ನು ಗುರುತಿಸಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರು ಮುಂದೆ ಈ ಕಣಿವೆಯಲ್ಲಿಯೂ ಅಂತಹುದೇ ಆಯುಧಗಳನ್ನು ಕಂಡರು. ಆರ್. ವಿ. ಜೋಶಿಯವರು ಮಲಪ್ರಭೆಯ ದಂಡೆಗಳನ್ನು ಪರೀಕ್ಷಿಸಿ ಬರೆದ ಗ್ರಂಥವು 1955ರಲ್ಲಿ ಹೊರಬಂದಿತು. ಅನಂತರ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ಇಲ್ಲಿ ಅನ್ವೇಷಣೆ ನಡೆಸಿದರು. ಬೆಣಚುಶಿಲೆಯನ್ನು ಎರಡೂ ಕಡೆ ಚಕ್ಕೆಯೆಬ್ಬಿಸಿ ಬಾದಾಮಿಯ ಕಾಯಿಯ ಆಕಾರಕ್ಕೆ ತಂದ ಕೈಗೊಡಲಿಗಳು, ಅಗಲವಾದ ಬಾಯಿಯುಳ್ಳ ಸೀಳುಗಲ್ಲುಗಳು ಈ ಕಣಿವೆಯ ಗರಸಿನ ಪದರಗಳಲ್ಲಿ ದೊರೆತಿವೆ. ಬಾದಾಮಿಯ ಚಾಲುಕ್ಯರು ಗುಹೆಗಳನ್ನು ಕೊರೆಸಿದ ಆರನೆಯ ಶತಮಾನವು ಈ ಕಲ್ಲುಗಳ ಎಣಿಕೆಯಲ್ಲಿ ನಿನ್ನೆಯ ದಿನ.

ಹಾಗಾದರೆ ಇಂತಹ ಒಂದು ಕೈಗೊಡಲಿಯ ವಯಸ್ಸೆಷ್ಟು? ಪ್ರಶ್ನೆ ಸರಳವಾಗಿದೆ. ಉತ್ತರದಲ್ಲಿಯೇ ಒಂದು ಬಲೆಯಿದೆ. ಕಲ್ಲನ್ನು ಮಾತ್ರ ತೆಗೆದುಕೊಂಡು ಪ್ರಯೋಗಶಾಲೆಗೆ ಹೋದರೆ ದೊರೆಯುವುದು ಶಿಲೆಯ ವಯಸ್ಸೇ ಹೊರತು ಆಯುಧದ ವಯಸ್ಸಲ್ಲ. ಬಾದಾಮಿಯ ಮರಳುಗಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಅದರ ಒಂದು ತುಂಡನ್ನು ಇಂದು ಬೆಳಿಗ್ಗೆ ಒಡೆದರೂ ಆ ತುಂಡಿನ ಶಿಲೆಗೆ ಅಷ್ಟೇ ವಯಸ್ಸು. ಇನ್ನು ಇದ್ದಲು, ಎಲುಬು ಮೊದಲಾದವುಗಳಿಗೆ ಅನ್ವಯಿಸುವ ಇಂಗಾಲ-14ರ ಕ್ರಮವಿದೆ. ಅದರ ಅರ್ಧಾಯುಷ್ಯ 5,730 ವರ್ಷಗಳು. ಐವತ್ತು ಸಾವಿರ ವರ್ಷಗಳು ಕಳೆಯುವ ಹೊತ್ತಿಗೆ ಉಳಿದಿರುವ ಇಂಗಾಲ-14 ಮೊದಲಿದ್ದುದರ ನಾನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅಲ್ಲಿಂದಾಚೆಗೆ ಆ ಗಡಿಯಾರ ನಡೆಯುವುದಿಲ್ಲ. ಆದುದರಿಂದ ವಿಜ್ಞಾನಿಗಳು ಆಯುಧವನ್ನು ಬಿಟ್ಟು, ಆಯುಧವು ಹೂತುಕೊಂಡಿದ್ದ ಮರಳನ್ನು ಕೇಳುತ್ತಾರೆ.

ಮರಳು ಉತ್ತರ ಕೊಡುವ ಬಗೆಯು ಭೌತಶಾಸ್ತ್ರದ ಸೊಗಸಾದ ಪ್ರಸಂಗಗಳಲ್ಲಿ ಒಂದೆಂದು ನಾವು ಎಣಿಸುತ್ತೇವೆ. ಮಣ್ಣಿನಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಇದ್ದೇ ಇರುತ್ತವೆ. ಅವುಗಳಿಂದ ಹೊರಡುವ ವಿಕಿರಣವು ಪಕ್ಕದ ಬೆಣಚಿನ ಕಣಗಳನ್ನು ಹೊಕ್ಕು, ಸ್ಫಟಿಕದೊಳಗಿನ ಎಲೆಕ್ಟ್ರಾನ್‌ಗಳನ್ನು ಅವುಗಳ ನೆಲೆಯಿಂದ ಕದಲಿಸುತ್ತದೆ. ಕದಲಿದವುಗಳಲ್ಲಿ ಕೆಲವು ಸ್ಫಟಿಕದ ರಚನೆಯಲ್ಲಿರುವ ಕೊರತೆಗಳಲ್ಲಿ, ಗುಂಡಿಯಲ್ಲಿ ಬಿದ್ದ ಗೋಲಿಯಂತೆ, ಸಿಕ್ಕಿಕೊಳ್ಳುತ್ತವೆ. ಕಣವು ಕತ್ತಲೆಯಲ್ಲಿ ಹೂತಿರುವವರೆಗೂ ಈ ಸೆರೆ ತುಂಬುತ್ತ ಹೋಗುತ್ತದೆ. ಬಿಸಿಲು ಬಿದ್ದೊಡನೆ ಎಲೆಕ್ಟ್ರಾನ್‌ಗಳು ಬಿಡುಗಡೆ ಹೊಂದುತ್ತವೆ, ಸೆರೆ ಬರಿದಾಗುತ್ತದೆ, ಗಡಿಯಾರದ ಮುಳ್ಳು ಸೊನ್ನೆಗೆ ಬರುತ್ತದೆ. ನದಿಯು ಕಣವನ್ನು ಹೊತ್ತು ತರುವಾಗ ಬಿಸಿಲು ತಾಗಿ ಮುಳ್ಳು ಸೊನ್ನೆಯಾಯಿತೆನ್ನೋಣ. ಆ ಬಳಿಕ ಕಣವು ಹೂತು, ಮತ್ತೆ ಎಣಿಕೆ ಪ್ರಾರಂಭವಾಯಿತು. ಈಗ ಅದನ್ನು ಬೆಳಕು ಕಾಣದಂತೆ ಹೊರತೆಗೆದು, ಪ್ರಯೋಗಶಾಲೆಯ ಮಂದವಾದ ಕೆಂಪು ದೀಪದಲ್ಲಿ ಸಿದ್ಧಪಡಿಸಿ, ಗೊತ್ತಾದ ಬಣ್ಣದ ಬೆಳಕನ್ನು ಅದರ ಮೇಲೆ ಹಾಯಿಸಿದರೆ, ಸೆರೆಯಿಂದ ಬಿಡುಗಡೆಯಾದ ಎಲೆಕ್ಟ್ರಾನ್‌ಗಳು ಅತಿ ಕ್ಷೀಣವಾದ ದೀಪ್ತಿಯನ್ನು ಹೊಮ್ಮಿಸುತ್ತವೆ. ದೀಪ್ತಿ ಹೆಚ್ಚಿದ್ದಷ್ಟೂ ಕತ್ತಲೆಯ ಕಾಲ ಹೆಚ್ಚು. ಡಿ. ಜೆ. ಹಂಟ್ಲಿ ಮತ್ತು ಸಂಗಡಿಗರು 1985ರಲ್ಲಿ ಈ ಕ್ರಮವನ್ನು ಪ್ರಕಟಿಸಿದರು.

ಲೆಕ್ಕವು ಪ್ರೌಢಶಾಲೆಯ ಭಾಗಾಕಾರವೇ. ಒಂದು ಕಣವು ಒಟ್ಟು 100 ಗ್ರೇ ಪ್ರಮಾಣದ ವಿಕಿರಣವನ್ನು ಹೀರಿಕೊಂಡಿದೆಯೆಂದೂ, ಅದರ ಸುತ್ತಣ ಮಣ್ಣು ಸಾವಿರ ವರ್ಷಕ್ಕೆ 2 ಗ್ರೇಯಂತೆ ವಿಕಿರಣ ಕೊಡುತ್ತಿತ್ತೆಂದೂ ಇಟ್ಟುಕೊಂಡರೆ ಅದು ಹೂತು 50,000 ವರ್ಷಗಳಾದವು. ಇಲ್ಲಿ ಭಾಜಕವಾಗಿರುವುದು ಸುತ್ತಣ ಮಣ್ಣೆಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಆ ಮಣ್ಣಿನಲ್ಲಿ ನೀರು ಎಷ್ಟಿತ್ತೆಂಬುದೂ ಲೆಕ್ಕಕ್ಕೆ ಬರುತ್ತದೆ. ಏಕೆಂದರೆ ನೀರು ವಿಕಿರಣದ ಒಂದು ಪಾಲನ್ನು ನುಂಗಿಬಿಡುತ್ತದೆ.

ಈ ಗಡಿಯಾರವೂ ಮೋಸ ಮಾಡುವುದುಂಟು. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಹರಿದು ಪಟ್ಟದಕಲ್ಲಿನ ದೇವಾಲಯಗಳೊಳಕ್ಕೂ ನೀರು ನುಗ್ಗಿದುದು ಎಲ್ಲರಿಗೂ ನೆನಪಿರಬಹುದು. ಅಂತಹ ಮಹಾಪೂರ ಹೊತ್ತು ತಂದು ದಂಡೆಯಲ್ಲಿ ಹರಡಿದ ಮರಳಿನ ಗಡಿಯಾರವು ಆ ದಿನ ಸೊನ್ನೆಯಾಗಿರಬೇಕೆಂದು ನಿಯಮ. ಆದರೆ ರಾಡಿಯ ನೀರಿನೊಳಕ್ಕೆ ಬಿಸಿಲು ಎಷ್ಟರ ಮಟ್ಟಿಗೆ ಇಳಿದೀತು? ಕುಸಿದ ಹಳೆಯ ದಂಡೆಯ ಕಣಗಳು ರಾತ್ರಿಯೋ, ಕೆಸರಿನ ಅಡಿಯಲ್ಲಿಯೋ ಹರಿದು, ಬೆಳಕನ್ನೇ ಕಾಣದೆ ಮತ್ತೆ ಹೂತುಹೋದರೆ, ಅವುಗಳ ಹಳೆಯ ಎಣಿಕೆ ಹಾಗೆಯೇ ಉಳಿಯುತ್ತದೆ. ಮುಂದೊಂದು ದಿನ ಅಳೆದವನಿಗೆ ಮೊನ್ನೆಯ ಮರಳು ಸಾವಿರಾರು ವರ್ಷಗಳ ಹಿಂದಿನದಾಗಿ ಕಂಡೀತು. ಇದಕ್ಕಾಗಿಯೇ ಬಲ್ಲವರು ಒಂದು ಮುಷ್ಟಿ ಮರಳನ್ನು ಒಟ್ಟಾಗಿ ಅಳೆಯದೆ, ಒಂದೊಂದೇ ಕಣವನ್ನು ಬಿಡಿಬಿಡಿಯಾಗಿ ಅಳೆದು, ಉತ್ತರಗಳು ಎಷ್ಟು ಚದರಿವೆಯೆಂಬುದನ್ನು ನೋಡುತ್ತಾರೆ. ನಿನ್ನೆಮೊನ್ನೆಯ ಪೂರದ ಮರಳನ್ನೂ ಅಳೆದು, ಅದು ಸೊನ್ನೆಗೆ ಹತ್ತಿರ ಬರುವುದೋ ಇಲ್ಲವೋ ಎಂದು ಪರೀಕ್ಷಿಸುವುದುಂಟು. ವಾರ್ತೆಗಳಲ್ಲಿ ಈ ಶ್ರಮದ ಸುಳಿವೇ ಸಿಗದು.

ಕನ್ನಡನಾಡಿನಲ್ಲಿ ಇಂತಹ ಅಳತೆಗೆ ಒಳ್ಳೆಯ ಉದಾಹರಣೆ ಇಂದಿನ ಯಾದಗಿರಿ ಜಿಲ್ಲೆಯಲ್ಲಿರುವ ಈಸಾಂಪುರ. ಹುಣಸಗಿ ಕಣಿವೆಯ ಈ ನೆಲೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಉತ್ಖನನ ನಡೆಸಿ, ಆದಿಮಾನವರು ಸುಣ್ಣಶಿಲೆಯ ಹಾಸುಗಳನ್ನು ಎಬ್ಬಿಸಿ ಆಯುಧ ಮಾಡುತ್ತಿದ್ದ ಜಾಗವನ್ನು ಬೆಳಕಿಗೆ ತಂದರು. ಅಲ್ಲಿ ದೊರೆತ ದನದ ಜಾತಿಯ ಪ್ರಾಣಿಗಳ ಹಲ್ಲುಗಳ ಹೊರಕವಚವನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನವೆಂಬ ಕ್ರಮದಿಂದ ಪರೀಕ್ಷಿಸಿದಾಗ ಸುಮಾರು 12 ಲಕ್ಷ 70 ಸಾವಿರ ವರ್ಷಗಳೆಂಬ ಅಂಕೆ ಬಂದಿತು. ಆಚೀಚೆ 1 ಲಕ್ಷ 70 ಸಾವಿರ ವರ್ಷಗಳಷ್ಟು ವ್ಯತ್ಯಾಸವಿರಬಹುದೆಂದೂ ಬರೆದರು. 2002ರಲ್ಲಿ ಇದು ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಗಮನಿಸಿರಿ, ಅಳೆದದ್ದು ಕೈಗೊಡಲಿಯನ್ನಲ್ಲ, ಹಲ್ಲನ್ನು. ಹಲ್ಲು ಮಣ್ಣಿನ ನೀರಿನಿಂದ ಯುರೇನಿಯಂ ಹೀರಿಕೊಂಡ ವೇಗವನ್ನು ಒಂದು ಬಗೆಯಾಗಿ ಊಹಿಸಿಕೊಂಡರೆ ಈ ಅಂಕೆ. ಬೇರೆ ಬಗೆಯಾಗಿ ಊಹಿಸಿದರೆ ಬೇರೆ ಅಂಕೆ. ಪದ್ದಯ್ಯನವರ ತಂಡವು ಆ ಊಹೆಯನ್ನು ಮರೆಮಾಚದೆ ಮುಂದಿಟ್ಟಿತು. ನಮ್ಮ ದೃಷ್ಟಿಯಲ್ಲಿ ಅದರ ಬೆಲೆ ಆ ಲಕ್ಷಗಳ ಅಂಕೆಗಿಂತ ಕಡಿಮೆಯದಲ್ಲ.

ಚೆನ್ನೈಗೆ ಸಮೀಪದ ಅತ್ತಿರಂಪಾಕ್ಕಂ ನೆಲೆಯಿಂದ 2018ರಲ್ಲಿ ಬಂದ ವಾರ್ತೆಯು ಇನ್ನೂ ದೊಡ್ಡ ಸದ್ದು ಮಾಡಿತು. ನಡು ಹಳೆಶಿಲಾಯುಗದ ಬಗೆಯ ಆಯುಧಗಳು ಅಲ್ಲಿ 3 ಲಕ್ಷ 85 ಸಾವಿರ ವರ್ಷಗಳ ಹಿಂದೆಯೇ ತೋರಿದವೆಂದು, ಶಾಂತಿ ಪಪ್ಪು ಮತ್ತು ಸಂಗಡಿಗರು ದೀಪ್ತಿಯ ಕ್ರಮದಿಂದಲೇ ಅಳೆದು, 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಭಾರತಕ್ಕೆ ಆ ಕೌಶಲ ಬಂದುದು ಇದಕ್ಕಿಂತ ಬಹಳ ಈಚೆಗೆ ಎಂದು ಅದುವರೆಗೆ ಹಲವರು ಎಣಿಸಿದ್ದರು. ಆದರೆ ಅದೇ ವರದಿಯಲ್ಲಿ ಅಂಕೆಯ ಬೆನ್ನಿಗೇ ಹೆಚ್ಚು-ಕಡಿಮೆ 64 ಸಾವಿರವೆಂದು ಬರೆದಿತ್ತು. ಎಂದರೆ ನಿಜವಾದ ಕಾಲವು 3 ಲಕ್ಷ 21 ಸಾವಿರಕ್ಕೂ 4 ಲಕ್ಷ 49 ಸಾವಿರಕ್ಕೂ ನಡುವೆ ಇರುವ ಸಂಭವ ಸುಮಾರು ಮೂರರಲ್ಲಿ ಎರಡು ಪಾಲು. ಅದರ ಹೊರಗಿರುವ ಸಂಭವ ಉಳಿದ ಒಂದು ಪಾಲು. ಈ 64 ಸಾವಿರವು ಸಂಶೋಧಕರ ಅಜ್ಞಾನದ ಗುರುತಲ್ಲ, ಅವರ ಅಳತೆಗೋಲಿನ ಗೀಟು ಎಷ್ಟು ದಪ್ಪವೆಂಬುದರ ಪ್ರಾಮಾಣಿಕ ಹೇಳಿಕೆ. ಅದನ್ನು ಕಿತ್ತುಹಾಕಿ ಅಚ್ಚುಹಾಕಿದ ಪತ್ರಿಕೆಗಳು ಅರ್ಧ ಅಳತೆಯನ್ನು ಮಾತ್ರ ಓದುಗರಿಗೆ ಕೊಟ್ಟವು.

ಕಣ್ಣಿಗೆ ಕಂಡದ್ದನ್ನು ಸುತ್ತಣ ಸಾಕ್ಷ್ಯವಿಲ್ಲದೆ ನಂಬಿದರೆ ಏನಾಗುತ್ತದೆಂಬುದಕ್ಕೆ ಭೀಮ್‌ಬೇಟ್ಕಾದ ಪ್ರಕರಣವೇ ಸಾಕು. ಅಲ್ಲಿನ ಗುಹೆಯೊಂದರ ಚಾವಣಿಯಲ್ಲಿ ಎಲೆಯಂತಹ ಗುರುತನ್ನು ಕಂಡು, ಅದು ಸುಮಾರು 55 ಕೋಟಿ ವರ್ಷಗಳ ಹಿಂದಿನ ಡಿಕಿನ್ಸೋನಿಯಾ ಎಂಬ ಪ್ರಾಣಿಯ ಪಳೆಯುಳಿಕೆಯೆಂದು 2021ರಲ್ಲಿ ಪ್ರಕಟಿಸಲಾಯಿತು. ಅದರ ಆಧಾರದ ಮೇಲೆ ಆ ಶಿಲೆಯ ವಯಸ್ಸಿನ ಬಗ್ಗೆಯೂ ವಾದ ಹೂಡಲಾಯಿತು. ಮತ್ತೊಂದು ತಂಡ ಹೋಗಿ ನೋಡುವ ವೇಳೆಗೆ 'ಪಳೆಯುಳಿಕೆ' ಗೋಡೆಯಿಂದ ಕಳಚಿ ಬೀಳುತ್ತಿತ್ತು! ಅದು ಒಣಗಿ ಹಾಳಾದ ಜೇನುಹುಟ್ಟಿನ ಗುರುತೆಂದು 2023ರಲ್ಲಿ ಅವರು ತೋರಿಸಿದರು; ಮೊದಲು ಪ್ರಕಟಿಸಿದ ವಿಜ್ಞಾನಿಯೂ ಅದನ್ನು ಒಪ್ಪಿಕೊಂಡರು. ಮೊದಲ ವಾರ್ತೆಯನ್ನು ಓದಿದವರಲ್ಲಿ ಎಷ್ಟು ಮಂದಿ ಎರಡನೆಯದನ್ನು ಓದಿದರೋ!

2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರವು ಹೊರಡಿಸಿದ ವರದಿಯು ಅಲ್ಲಿನ ಕಬ್ಬಿಣದ ಬಳಕೆಯನ್ನು ಕ್ರಿಸ್ತಪೂರ್ವ ನಾಲ್ಕನೆಯ ಸಹಸ್ರಮಾನದವರೆಗೆ ಒಯ್ದಿದೆ. ಅಲ್ಲಿಯೂ ಅಳೆದದ್ದು ಕಬ್ಬಿಣದ ಜೊತೆಗೆ ದೊರೆತ ಇದ್ದಲನ್ನು ಮತ್ತು ಮಡಕೆಯ ಚೂರುಗಳನ್ನು. ಇದ್ದಲೂ ಕಬ್ಬಿಣವೂ ಒಂದೇ ದಿನ ಒಂದೇ ಕುಣಿಯಲ್ಲಿ ಬಿದ್ದವೆಂಬುದನ್ನು ಪದರಗಳೇ ಹೇಳಬೇಕು. ಇದನ್ನು ತಳ್ಳಿಹಾಕುವವರೂ ತಲೆಯ ಮೇಲೆ ಹೊರುವವರೂ ಇಬ್ಬರೂ ಅವಸರಪಡುತ್ತಿದ್ದಾರೆಂದು ನಮಗೆ ತೋರುತ್ತದೆ. ಇಂದಿನ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾಯರು ಉತ್ಖನನ ಮಾಡಿದಾಗ, ಇಂಗಾಲ-14ರ ಅಳತೆಯು ದಕ್ಷಿಣದ ಕಬ್ಬಿಣವನ್ನು ಕ್ರಿಸ್ತಪೂರ್ವ ಸಾವಿರದ ಆಸುಪಾಸಿಗೆ ಕೊಂಡೊಯ್ದುದೂ ಆ ಕಾಲಕ್ಕೆ ಬೆರಗಿನ ಸಂಗತಿಯೇ ಆಗಿತ್ತು.

ಈಗ ಮಲಪ್ರಭೆಯ ದಂಡೆಗೆ ಹಿಂದಿರುಗೋಣ. ಇದುವರೆಗೆ ಹೇಳಿದ ಪ್ರತಿಯೊಂದು ಅಳತೆಯಲ್ಲಿಯೂ ಉತ್ತರ ಕೊಟ್ಟದ್ದು ಕಲ್ಲಲ್ಲ, ಕಲ್ಲಿನ ನೆರೆಹೊರೆ. ಆ ನೆರೆಹೊರೆಯೇ ಇಲ್ಲಿ ಎರಡು ಬಗೆಯಾಗಿ ನಾಶವಾಗುತ್ತಿದೆ. ಮೊದಲನೆಯದು ದೊಡ್ಡದು. ಕಟ್ಟಡಗಳಿಗಾಗಿ ನದಿಯ ಮರಳನ್ನೂ ಗರಸನ್ನೂ ಯಂತ್ರಗಳಿಂದ ತೋಡಿ ಒಯ್ಯುವ ಕೆಲಸ. ಮನೆ ಕಟ್ಟುವವರಿಗೆ ಮರಳು ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಮಳೆಗಾಲವೂ ನದಿ ತಂದೊಡ್ಡುವ ಹೊಸ ಮರಳು ಒಂದು. ದಂಡೆಯ ಎತ್ತರದ ಗೋಡೆಗಳಲ್ಲಿ ಲಕ್ಷಾಂತರ ವರ್ಷಗಳಿಂದ ಗಟ್ಟಿಗೊಂಡು ನಿಂತಿರುವ ಗರಸಿನ ಪದರ ಮತ್ತೊಂದು. ಎರಡನೆಯದನ್ನು ಒಮ್ಮೆ ತೋಡಿದರೆ ಯಾವ ಪೂರವೂ ಮರಳಿ ತಂದುಕೊಡಲಾರದು. ಮರಳುಗಾರಿಕೆಗೆ ಜಾಗ ಗುರುತಿಸುವ ಅಧಿಕಾರಿಗಳು ಈ ಭೇದವನ್ನು ಕಾಗದದ ಮೇಲೆ ತರಬೇಕೆಂದೂ, ಜೋಶಿಯವರ ಕಾಲದಿಂದ ಗುರುತಾಗಿರುವ ನೆಲೆಗಳನ್ನು ಪಟ್ಟಿಯಿಂದ ಹೊರಗಿಡಬೇಕೆಂದೂ ನಾವು ಒತ್ತಾಯಪಡಿಸುತ್ತೇವೆ.

ಎರಡನೆಯದು ಸಣ್ಣದು, ಆದರೆ ನಮ್ಮ ವಿದ್ಯಾರ್ಥಿಗಳಿಗೇ ಸಂಬಂಧಿಸಿದ್ದು. ಶಾಲೆಯ ವಸ್ತುಪ್ರದರ್ಶನಕ್ಕೆಂದು ಹೊಳೆಯ ದಂಡೆಯಿಂದ ಚೆಂದದ ಕಲ್ಲುಗಳನ್ನು ಆಯ್ದು ತಂದು, ತೊಳೆದು, ಎಣ್ಣೆ ಸವರಿ, ಮೇಜಿನ ಮೇಲೆ ಸಾಲಾಗಿ ಇಡುವ ರೂಢಿಯನ್ನು ಹಲವೆಡೆ ಕಂಡಿದ್ದೇವೆ. ಹುಡುಗರ ಉತ್ಸಾಹ ಮೆಚ್ಚತಕ್ಕದ್ದೇ. ಆದರೂ ಪದರದಿಂದ ಕಿತ್ತ ಕೈಗೊಡಲಿಯು ಆ ಗಳಿಗೆಯಿಂದ ಅಲಂಕಾರದ ಕಲ್ಲು. ಅದು ಗರಸಿನೊಳಗಿತ್ತೋ, ಗರಸಿನ ಮೇಲಿನ ಕೆಂಪು ಮಣ್ಣಿನಲ್ಲಿತ್ತೋ, ನೀರಿನಲ್ಲಿ ಉರುಳಿ ಅಂಚು ಸವೆದು ಬಂದಿತ್ತೋ, ಮಾಡಿದವನು ಬಿಟ್ಟುಹೋದಲ್ಲಿಯೇ ಇತ್ತೋ ಎಂಬುದನ್ನು ಮೇಜಿನ ಮೇಲೆ ಕುಳಿತು ಅದು ಹೇಳಲಾರದು.

ಆದುದರಿಂದ ದಂಡೆಯ ಗೋಡೆಯಲ್ಲಿ ಅಂತಹ ಕಲ್ಲು ಕಂಡುಬಂದರೆ ಮುಟ್ಟಬೇಡಿರಿ. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆಯಿರಿ. ನೆಲಮಟ್ಟದಿಂದ ಎಷ್ಟು ಕೆಳಗಿದೆ, ಮೇಲೆಯೂ ಕೆಳಗೂ ಯಾವ ಬಣ್ಣದ ಮಣ್ಣಿದೆ, ಊರಿನಿಂದ ಯಾವ ದಿಕ್ಕಿಗೆ ಎಷ್ಟು ದೂರ ಎಂಬುದನ್ನು ಬರೆದಿಟ್ಟುಕೊಳ್ಳಿರಿ. ಬಾದಾಮಿಯಲ್ಲಿಯೇ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ; ನಿಮ್ಮ ಅಧ್ಯಾಪಕರ ಮೂಲಕ ಅಲ್ಲಿಗೆ ತಿಳಿಸಬಹುದು. ಕಾಲವನ್ನು ಅಳೆಯಲು ಬರುವವರು ಉಕ್ಕಿನ ಕೊಳವೆಯೊಂದನ್ನು ಅದೇ ಪದರಕ್ಕೆ ಅಡ್ಡಲಾಗಿ ಹೊಡೆದು, ಎರಡೂ ಬಾಯಿಗಳಿಗೆ ಬೆಳಕು ಹೊಗದಂತೆ ಮುಚ್ಚಳ ಬಿಗಿದು, ಕರಿಯ ಚೀಲದಲ್ಲಿ ಸುತ್ತಿ ಒಯ್ಯುತ್ತಾರೆ. ಅವರು ಬರುವ ದಿನದವರೆಗೆ ಗೋಡೆ ನಿಂತಿರಬೇಕು, ಕಲ್ಲು ಅದರಲ್ಲಿಯೇ ಇರಬೇಕು.