ಪಿಂಚಣಿ ಕಡತದಲ್ಲಿ ಸಿಗುವ ಸಿಪಾಯಿ

ಅಮೆರಿಕದ ಅಂತರ್ಯುದ್ಧ ಮುಗಿದದ್ದು 1865ರಲ್ಲಿ. ಅದರ ಕೊನೆಯ ಪಿಂಚಣಿ ನಿಂತದ್ದು 2020ರಲ್ಲಿ. ಐರೀನ್ ಟ್ರಿಪ್ಲೆಟ್ ಎಂಬ ತೊಂಬತ್ತರ ವೃದ್ಧೆ ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ತೀರಿಕೊಳ್ಳುವವರೆಗೂ ತಿಂಗಳಿಗೆ 73 ಡಾಲರ್ 13 ಸೆಂಟ್ ಪಡೆಯುತ್ತಿದ್ದರು. ಅದು ತಂದೆ ಮೋಸ್ ಟ್ರಿಪ್ಲೆಟ್ ಸೇನೆಯಲ್ಲಿದ್ದ ಲೆಕ್ಕಕ್ಕೆ ಬರುತ್ತಿದ್ದ ಹಣ. 1846ರಲ್ಲಿ ಹುಟ್ಟಿದ ಮೋಸ್‌ಗೆ 83ರ ಇಳಿವಯಸ್ಸಿನಲ್ಲಿ ಹುಟ್ಟಿದ ಮಗಳು ಈಕೆ. ಆತ ಮೊದಲು ದಕ್ಷಿಣದ ಕಾನ್ಫೆಡರೇಟ್ ಸೇನೆಯಲ್ಲಿದ್ದ. ಅವನಿದ್ದ 26ನೇ ನಾರ್ತ್ ಕೆರೊಲಿನಾ ಪದಾತಿ ದಳ 1863ರ ಜುಲೈನಲ್ಲಿ ಗೆಟ್ಟಿಸ್‌ಬರ್ಗ್ ಕಾಳಗದಲ್ಲಿ ಹೆಚ್ಚುಕಡಿಮೆ ನುಚ್ಚುನೂರಾಯಿತು. ಅವನು ಮಾತ್ರ ಅದಕ್ಕೆ ಮೊದಲೇ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿ, ಅಲ್ಲಿಂದ ತಪ್ಪಿಸಿಕೊಂಡು, ಮರುವರ್ಷ ಉತ್ತರದ ಯೂನಿಯನ್ ಸೇನೆಗೆ ಸೇರಿಕೊಂಡ. ಪಿಂಚಣಿ ಬಂದದ್ದು ಈ ಎರಡನೆಯ ನೌಕರಿಗೆ.

ಮೋಸ್ ದೊಡ್ಡ ದಳಪತಿಯಲ್ಲ, ಬರೀ ಸಿಪಾಯಿ. ಆದರೂ ಅವನ ಕತೆಯನ್ನು ಇಷ್ಟು ಬಿಡಿಬಿಡಿಯಾಗಿ ಹೇಳಲು ಸಾಧ್ಯವಾದದ್ದು ಅವನ ಹೆಸರಿನಲ್ಲಿ ಕಾಗದ ಉಳಿದಿದ್ದರಿಂದ. ಅಂಥ ಕಾಗದ ಲಕ್ಷಾಂತರ ಸಿಪಾಯಿಗಳದ್ದು ಉಳಿದಿದೆ. ಅಮೆರಿಕದಲ್ಲಿ ಮನೆತನದ ಮೂಲ ಹುಡುಕುವವರಲ್ಲಿ ಬಹಳ ಜನ ಎಂದಾದರೊಂದು ದಿನ ಈ ಯುದ್ಧದ ಬಾಗಿಲಿಗೆ ಬಂದೇ ಬರುತ್ತಾರೆ. ಅಲ್ಲಿ ನೆಲೆಸಿದ ನಮ್ಮ ಕುಟುಂಬಗಳಲ್ಲೂ ಅಲ್ಲಿಯವರೊಡನೆ ಮದುವೆ ಸಂಬಂಧ ಬೆಳೆದಿದೆ. ಒಂದು ಮಗುವಿಗೆ ತಂದೆಯ ಕಡೆಯ ಹಿರಿಯರು ಹಾಸನದ ಶಾನುಭೋಗರಾದರೆ, ತಾಯಿಯ ಕಡೆಯ ಹಿರಿಯನೊಬ್ಬ ಒಹಾಯೋದ ಸಿಪಾಯಿಯಾಗಿರಬಹುದು. ಅವನನ್ನು ಹುಡುಕುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಕಾಳಗಗಳ ಪುಸ್ತಕ ಹಿಡಿದು ಶುರು ಮಾಡಬೇಡಿ, ರೆಜಿಮೆಂಟಿನಿಂದ ಶುರು ಮಾಡಿ. ಸೇವಾ ದಾಖಲೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ, ಪಿಂಚಣಿ ಕಡತದವರೆಗೂ ಹೋಗಿ.

ರೆಜಿಮೆಂಟ್ ಏಕೆ ಮೊದಲು? ಆ ಸೇನೆ ಕಟ್ಟಿದ ಬಗೆಯೇ ಹಾಗಿತ್ತು. ಸ್ವಯಂಸೇವಕರ ದಳಗಳನ್ನು ಒಂದೊಂದು ರಾಜ್ಯವೂ ತಾನೇ ಎಬ್ಬಿಸಿ ಕಳಿಸುತ್ತಿತ್ತು. ಆದ್ದರಿಂದಲೇ 20ನೇ ಮೇನ್, 95ನೇ ಇಲಿನಾಯ್ ಎಂಬಂಥ ಹೆಸರುಗಳು. ಒಂದು ಪದಾತಿ ರೆಜಿಮೆಂಟ್ ಎಂದರೆ ಕಾಗದದ ಮೇಲೆ ಸುಮಾರು ಸಾವಿರ ಮಂದಿ, ನೂರರಂತೆ ಹತ್ತು ಕಂಪನಿ. ಕಂಪನಿಗಳಿಗೆ ಎ ಇಂದ ಕೆ ವರೆಗೆ ಅಕ್ಷರ. ನಡುವೆ ಜೆ ಇರುತ್ತಿರಲಿಲ್ಲ, ಕೈಬರಹದಲ್ಲಿ ಅದು ಐ ಅಕ್ಷರದ ಹಾಗೇ ಕಾಣುತ್ತಿತ್ತು ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ಕಂಪನಿಯ ಹುಡುಗರೆಲ್ಲ ಒಂದೇ ಊರು, ಸುತ್ತಲಿನ ಹಳ್ಳಿಗಳವರು. ಅಣ್ಣತಮ್ಮಂದಿರು, ಭಾವಮೈದುನರು, ಒಂದೇ ಶಾಲೆಯಲ್ಲಿ ಓದಿದವರು ಒಟ್ಟಿಗೆ ಹೆಸರು ಬರೆಸುತ್ತಿದ್ದರು. ಸರ್ಕಾರ ದಾಖಲೆ ಜೋಡಿಸಿಟ್ಟಿರುವುದೂ ಇದೇ ಕ್ರಮದಲ್ಲಿ: ಮೊದಲು ರಾಜ್ಯ, ಆಮೇಲೆ ರೆಜಿಮೆಂಟ್, ಕೊನೆಗೆ ಸಿಪಾಯಿಯ ಹೆಸರು.

ಹಾಗಾಗಿ ಹೆಸರೊಂದನ್ನೇ ಹಿಡಿದು ಹೊರಟವರು ಬೇಗ ದಾರಿ ತಪ್ಪುತ್ತಾರೆ. ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ಈ ಯುದ್ಧದ ಸಿಪಾಯಿಗಳ ಹೆಸರುಗಳನ್ನು ಯಾರು ಬೇಕಾದರೂ ಉಚಿತವಾಗಿ ಹುಡುಕುವಂತೆ ಮಾಡಿದೆ. ಅದರಲ್ಲಿ 63 ಲಕ್ಷ ಹೆಸರುಗಳಿವೆ. ಕಾದಾಡಿದವರು ಅಷ್ಟಿಲ್ಲ. ಒಬ್ಬನೇ ಎರಡು ರೆಜಿಮೆಂಟಿನಲ್ಲಿದ್ದರೆ ಎರಡು ಸಲ, ಗುಮಾಸ್ತ ಕಾಗುಣಿತ ಬದಲಿಸಿ ಬರೆದಿದ್ದರೆ ಮತ್ತೊಂದು ಸಲ ಬರುತ್ತಾನೆ. ಜಾನ್ ಸ್ಮಿತ್ ಎಂದು ಹುಡುಕಿದರೆ ಪುಟಗಟ್ಟಲೆ ಜಾನ್ ಸ್ಮಿತ್‌ಗಳು. ಅವರಲ್ಲಿ ನಿಮ್ಮವನು ಯಾರೆಂದು ಹೇಳುವುದು ಅವನ ಊರು. 1860ರ ಜನಗಣತಿಯಲ್ಲಿ ಅವನ ಮನೆ ಯಾವ ಕೌಂಟಿಯಲ್ಲಿತ್ತು ನೋಡಿ. ಆ ಕೌಂಟಿಯಲ್ಲಿ ಯಾವ ಕಂಪನಿಗಳು ಎದ್ದವು ನೋಡಿ. ಸಮಾಧಿಕಲ್ಲಿನ ಮೇಲೆ ಕಂಪನಿಯ ಅಕ್ಷರ, ರೆಜಿಮೆಂಟಿನ ಸಂಖ್ಯೆ ಕೆತ್ತಿರುವುದೂ ಉಂಟು. 1910ರ ಜನಗಣತಿಯಲ್ಲಿ ಇದಕ್ಕೆಂದೇ ಒಂದು ಕಲಂ ಇತ್ತು: ಯುಎ ಎಂದಿದ್ದರೆ ಯೂನಿಯನ್ ಸೇನೆ, ಸಿಎ ಎಂದಿದ್ದರೆ ಕಾನ್ಫೆಡರೇಟ್ ಸೇನೆ. 1890ರಲ್ಲಿ ಬದುಕುಳಿದ ಯೂನಿಯನ್ ಸಿಪಾಯಿಗಳದೂ ವಿಧವೆಯರದೂ ಪ್ರತ್ಯೇಕ ಗಣತಿಯೇ ನಡೆದಿತ್ತು. ರಾಜ್ಯಗಳನ್ನು ಅಕಾರಾದಿಯಲ್ಲಿ ಇಟ್ಟರೆ ಕೆಂಟಕಿಯ ಒಂದು ಭಾಗದಿಂದ ಮುಂದಿನವು ಹೆಚ್ಚಾಗಿ ಉಳಿದಿವೆ, ಅದರ ಹಿಂದಿನವು ಬಹುಪಾಲು ಹಾಳಾಗಿವೆ. ಆಯೋವಾದವನ ಹೆಸರು ಅದರಲ್ಲಿ ಸಿಗಲಿಲ್ಲವೆಂದರೆ ಅವನು ಸಿಪಾಯಿಯೇ ಅಲ್ಲ ಎಂದು ಕೈಬಿಡಬಾರದು.

ರೆಜಿಮೆಂಟ್ ಗೊತ್ತಾದ ಮೇಲೆ ಸೇವಾ ದಾಖಲೆ. ಯುದ್ಧ ಮುಗಿದ ಮೇಲೆ ಪಿಂಚಣಿ ಅರ್ಜಿಗಳು ಪ್ರವಾಹದಂತೆ ಬಂದವು. ಪ್ರತಿ ಅರ್ಜಿಗೂ ಹಳೆಯ ಹಾಜರಿ ಪಟ್ಟಿಗಳನ್ನು ಮಗುಚಿ ಮಗುಚಿ ಅವು ಹರಿದುಹೋಗತೊಡಗಿದವು. ಆಗ ಫ್ರೆಡ್ ಏನ್ಸ್‌ವರ್ತ್ ಎಂಬ ಸೇನಾ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಗುಮಾಸ್ತರ ದೊಡ್ಡ ತಂಡ ಪಟ್ಟಿಯ ಒಂದೊಂದು ಸಾಲನ್ನೂ ಒಂದೊಂದು ಕಾರ್ಡಿಗೆ ನಕಲು ಮಾಡಿ, ಒಬ್ಬ ಸಿಪಾಯಿಯ ಕಾರ್ಡುಗಳನ್ನೆಲ್ಲ ಒಂದು ಲಕೋಟೆಗೆ ಹಾಕಿತು. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಈಗ ಸಿಗುವುದು ಆ ಲಕೋಟೆಯೇ. ಅದರಲ್ಲಿ ಸೇರಿದ ದಿನ, ಊರು, ವಯಸ್ಸು ಇರುತ್ತದೆ. ಎಷ್ಟೋ ಸಲ ಎತ್ತರ, ಕಣ್ಣಿನ ಬಣ್ಣ, ಕಸುಬೂ ಇರುತ್ತದೆ. ಫೋಟೋ ಇಲ್ಲದ ಮನೆಯವರಿಗೆ ಐದಡಿ ಆರಿಂಚು, ಬೂದುಗಣ್ಣು, ಕಮ್ಮಾರ ಎಂಬ ಮೂರು ಮಾತು ಬಹಳ ದೊಡ್ಡ ಲಾಭ.

ಉಳಿದ ಕಾರ್ಡುಗಳಲ್ಲಿ ಹೆಚ್ಚಿನವು ಎರಡೆರಡು ತಿಂಗಳ ಹಾಜರಿ. ನಮ್ಮಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಎನ್‌ಎಂಆರ್ ತೆಗೆಯುತ್ತಾರಲ್ಲ, ಸಂಬಳ ಬಟವಾಡೆಗೆಂದು ಬರೆದ ಅದೇ ಜಾತಿಯ ಪಟ್ಟಿ ಅದು. ಅದನ್ನು ಬರೆದ ಉದ್ದೇಶ ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಹಾಜರ್ ಎಂದಿದ್ದರೆ ಪಟ್ಟಿ ಮಾಡಿದ ದಿನ ಆತ ಅಲ್ಲಿದ್ದ ಎಂದಷ್ಟೇ. ಎರಡು ವಾರದ ಹಿಂದಿನ ಕಾಳಗದಲ್ಲಿ ಬಂದೂಕು ಹಿಡಿದು ನಿಂತಿದ್ದ ಎಂದಲ್ಲ. ಗೈರು ಎಂದಿದ್ದರೆ ಹೇಡಿ ಎಂದೂ ಅಲ್ಲ. ಆ ಯುದ್ಧದಲ್ಲಿ ಗುಂಡೇಟಿನಿಂದ ಸತ್ತವರ ಸುಮಾರು ಎರಡರಷ್ಟು ಮಂದಿ ಭೇದಿ, ವಿಷಮಶೀತ ಜ್ವರದಂಥ ಕಾಯಿಲೆಗಳಿಂದ ಸತ್ತರು. ಗೈರಾದವನು ಎಷ್ಟೋ ಸಲ ದೂರದ ಯಾವುದೋ ಆಸ್ಪತ್ರೆಯಲ್ಲಿ ಮಲಗಿರುತ್ತಿದ್ದ. ಅವನ ಸುದ್ದಿ ಕಂಪನಿಗೆ ಮುಟ್ಟದೆ ಓಡಿಹೋದವನೆಂದು ಬರೆದು, ವರ್ಷಗಳ ನಂತರ ಆ ಆರೋಪವನ್ನು ಅಧಿಕೃತವಾಗಿ ಅಳಿಸಿದ ಪ್ರಕರಣಗಳಿವೆ. ಓಡಿಹೋದವನು ಎಂಬ ಪದ ಕಂಡ ಕೂಡಲೇ ಲಕೋಟೆ ಮುಚ್ಚಿಡುವ ವಂಶಸ್ಥರು ಕೊನೆಯ ಕಾರ್ಡನ್ನೂ ಓದಬೇಕು ಎಂಬುದು ನನ್ನ ಕಳಕಳಿಯ ಮನವಿ.

ನಿಜವಾದ ಮನುಷ್ಯ ಎದುರಾಗುವುದು ಪಿಂಚಣಿ ಕಡತದಲ್ಲಿ. ಅದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಹ್ಯಾರಿಯೆಟ್ ಟಬ್ಮನ್ ಅವರದು. ಗುಲಾಮಗಿರಿಯಿಂದ ತಾನು ತಪ್ಪಿಸಿಕೊಂಡು, ಮತ್ತೆ ಮತ್ತೆ ಮರಳಿ ಹೋಗಿ ಇತರರನ್ನೂ ಬಿಡಿಸಿ ತಂದವರು, ಯುದ್ಧಕಾಲದಲ್ಲಿ ಯೂನಿಯನ್ ಸೇನೆಗೆ ದಾದಿಯಾಗಿ, ಗೂಢಚಾರಿಣಿಯಾಗಿ ದುಡಿದವರು. ಆದರೆ ಅವರಿಗೆ ಮೊದಲು ಪಿಂಚಣಿ ಬಂದದ್ದು ಸಿಪಾಯಿಯೊಬ್ಬನ ವಿಧವೆ ಎಂಬ ನೆಲೆಯಲ್ಲಿ. 1869ರಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಅವರು ನೆಲ್ಸನ್ ಡೇವಿಸ್‌ನನ್ನು ಮದುವೆಯಾಗಿದ್ದರು. ಆತ 1888ರಲ್ಲಿ ತೀರಿಕೊಂಡ. 1890ರಲ್ಲಿ ಹೊಸ ಕಾನೂನು ಬಂತು: ಕನಿಷ್ಠ 90 ದಿನ ಸೇವೆ ಮಾಡಿದ್ದವನ ಬಡ ವಿಧವೆಗೆ, ಅವನು ಯುದ್ಧದ ಗಾಯದಿಂದಲೇ ಸತ್ತನೆಂದು ಸಾಬೀತು ಮಾಡದೆಯೂ, ಪಿಂಚಣಿ. ಹ್ಯಾರಿಯೆಟ್ ಅರ್ಜಿ ಹಾಕಿದರು.

ತೊಡಕು ಅಲ್ಲೇ ಶುರುವಾಯಿತು. ಸೇನೆಯ ದಾಖಲೆಯಲ್ಲಿ ನೆಲ್ಸನ್ ಡೇವಿಸ್ ಎಂಬ ಸಿಪಾಯಿ ಸಿಗುವಂತಿರಲಿಲ್ಲ. ಕಪ್ಪು ಸೈನಿಕರ 8ನೇ ಪದಾತಿ ದಳದ ಜಿ ಕಂಪನಿಯಲ್ಲಿ ಇದ್ದವನು ನೆಲ್ಸನ್ ಚಾರ್ಲ್ಸ್. ಗುಲಾಮನಾಗಿದ್ದಾಗಿನ ಒಡೆಯನ ಹೆಸರಿನಲ್ಲಿ ಆತ ಸೇನೆ ಸೇರಿದ್ದ; ಸ್ವತಂತ್ರನಾದ ಮೇಲೆ ತಂದೆಯ ಹೆಸರು ಇಟ್ಟುಕೊಂಡ. ಇಬ್ಬರೂ ಒಬ್ಬನೇ ಎಂದು ವಿಧವೆ ತೋರಿಸಿಕೊಡಬೇಕಾಯಿತು. ಮೊದಲ ಗಂಡ ಜಾನ್ ಟಬ್ಮನ್ ಈ ಮದುವೆಗೆ ಮುಂಚೆಯೇ ಸತ್ತಿದ್ದನೆಂದೂ ತೋರಿಸಬೇಕಾಯಿತು. ಆತ 1867ರಲ್ಲಿ ಮೇರಿಲ್ಯಾಂಡ್‌ನಲ್ಲಿ ಕೊಲೆಯಾಗಿದ್ದ. ಓದುಬರಹ ಬಾರದ ಹ್ಯಾರಿಯೆಟ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. ಅವರನ್ನೂ ನೆಲ್ಸನ್‌ನನ್ನೂ ಬಲ್ಲ ಊರಿನವರು ಸಾಕ್ಷಿ ಹೇಳಿದರು. ಮಂಜೂರಾಗಲು 1895 ಬಂತು, ತಿಂಗಳಿಗೆ 8 ಡಾಲರ್. 1899ರಲ್ಲಿ ಅಮೆರಿಕದ ಸಂಸತ್ತು ಅವರ ದಾದಿ ಸೇವೆಯನ್ನೂ ಪರಿಗಣಿಸಿ ಅದನ್ನು 20 ಡಾಲರಿಗೆ ಏರಿಸಿತು.

ವಂಶ ಹುಡುಕುವವರು ಇದನ್ನು ಗಮನಿಸಬೇಕು. ಒಬ್ಬ ಬಡ ವಿಧವೆಯನ್ನು ಐದು ವರ್ಷ ಅಲೆಸಿದ ಅದೇ ವಿಚಾರಣೆ, ಬೇರೆಲ್ಲೂ ಬರೆದಿಡದ ಸಂಗತಿಗಳನ್ನು ಬರೆಸಿಟ್ಟಿದೆ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ, ಆದ್ದರಿಂದ ಪ್ರಮಾಣಪತ್ರವೂ ಇಲ್ಲ. ಪಿಂಚಣಿ ಕಚೇರಿಯ ತನಿಖಾಧಿಕಾರಿಗಳು ಹಳ್ಳಿಗೇ ಹೋಗಿ, ಮದುವೆ ಯಾರ ತೋಟದಲ್ಲಿ ನಡೆಯಿತು, ಮಕ್ಕಳೆಷ್ಟು, ಯಾರನ್ನು ಮಾರಿದರು, ಒಡೆಯ ಯಾರು ಎಂದು ನೆರೆಹೊರೆಯವರನ್ನು ಕೇಳಿ ಬರೆದುಕೊಂಡರು. ಆ ಯುದ್ಧದಲ್ಲಿ ಸುಮಾರು 1,79,000 ಕಪ್ಪು ಸೈನಿಕರಿದ್ದರು. ಅವರ ಎಷ್ಟೋ ವಂಶಸ್ಥರಿಗೆ 1870ರ ಜನಗಣತಿಗೆ ಹಿಂದೆ ಹೋಗಲು ಇರುವ ದಾರಿಗಳಲ್ಲಿ ಇದು ಮುಖ್ಯವಾದದ್ದು. ಬಿಳಿಯರ ಕಡತಗಳೂ ಕಡಿಮೆಯಿಲ್ಲ. ಮನೆಯ ಬೈಬಲ್ಲಿನಲ್ಲಿ ಹುಟ್ಟು ಸಾವು ಬರೆದಿಟ್ಟ ಹಾಳೆಯನ್ನೇ ಕಿತ್ತು ಅರ್ಜಿಯ ಜೊತೆ ಕಳಿಸಿದವರಿದ್ದಾರೆ. ಆ ಹಾಳೆ ಇಂದಿಗೂ ಕಡತದಲ್ಲೇ ಇದೆ.

ಇಂಥ ಸಾಕ್ಷಿಯ ಬಲ ಇನ್ನೊಂದು ಕಡತದಲ್ಲೂ ಕಾಣುತ್ತದೆ. ಇಲಿನಾಯ್‌ನ 95ನೇ ಪದಾತಿ ದಳದಲ್ಲಿ ಮೂರು ವರ್ಷ ದುಡಿದ ಆಲ್ಬರ್ಟ್ ಕ್ಯಾಷಿಯರ್ ಹುಟ್ಟಿನಿಂದ ಹೆಣ್ಣು, ಜೆನಿ ಹಾಜರ್ಸ್ ಎಂದು ಮುಪ್ಪಿನಲ್ಲಿ ತಿಳಿದಾಗ ಪಿಂಚಣಿ ಕಚೇರಿ ತನಿಖೆಗೆ ಇಳಿಯಿತು. ಹಳೆಯ ಸಂಗಾತಿಗಳು ಬಂದು, ನಮ್ಮ ಜೊತೆ ಹೋರಾಡಿದ್ದು ಈ ವ್ಯಕ್ತಿಯೇ ಎಂದು ಸಾಕ್ಷಿ ಹೇಳಿದರು. ಪಿಂಚಣಿ ಮುಂದುವರಿಯಿತು.

ಈ ಹೇಳಿಕೆಗಳನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಹಣಕ್ಕಾಗಿ ಬರೆದ ಅರ್ಜಿಯಲ್ಲಿ ನೋವು ಸ್ವಲ್ಪ ದೊಡ್ಡದಾಗಿಯೇ ಕಾಣುತ್ತದೆ, ಮೂವತ್ತು ವರ್ಷದ ಹಿಂದಿನ ನೆನಪಿನಲ್ಲಿ ತಾರೀಕು ಜಾರುತ್ತದೆ. ಅದಕ್ಕೇ ಪಿಂಚಣಿ ಕಡತ, ಹಾಜರಿ ಕಾರ್ಡು, ರೆಜಿಮೆಂಟಿನ ಚರಿತ್ರೆ ಮೂರನ್ನೂ ಎದುರಿಟ್ಟುಕೊಂಡು ಓದಬೇಕು. ಯೂನಿಯನ್ ರೆಜಿಮೆಂಟ್ ಎಲ್ಲೆಲ್ಲಿ ಹೋಯಿತೆಂದು ತಿಳಿಯಲು ಫ್ರೆಡರಿಕ್ ಡಯರ್ 1908ರಲ್ಲಿ ತಂದ ಬೃಹತ್ ಕೈಪಿಡಿ ಸಾಕು. ಅಧಿಕಾರಿಗಳ ವರದಿಗಳು ಸರ್ಕಾರವೇ ಅಚ್ಚು ಹಾಕಿಸಿದ 128 ಸಂಪುಟಗಳಲ್ಲಿವೆ. ನೆಲ್ಸನ್‌ನ 8ನೇ ದಳ 1864ರ ಫೆಬ್ರುವರಿ 20ರಂದು ಫ್ಲಾರಿಡಾದ ಒಲಸ್ಟಿಯಲ್ಲಿ ಮೊದಲ ಕಾಳಗ ಕಂಡಿತು. ಒಂದೇ ದಿನ 300ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಇಲ್ಲವೇ ಕಾಣೆಯಾದರು. ಇದು ದಳದ ಚರಿತ್ರೆ. ಒಬ್ಬ ಸಿಪಾಯಿ ಆ ದಿನ ಸಾಲಿನಲ್ಲಿದ್ದನೋ ಇಲ್ಲವೋ ಎನ್ನುವುದನ್ನು ಅವನ ಕಾರ್ಡಿನಿಂದ, ಕಡತದಿಂದ ಪ್ರತ್ಯೇಕವಾಗಿ ತಿಳಿಯಬೇಕು.

ಪೂರ್ವಜ ದಕ್ಷಿಣದ ಕಡೆಯವನಾಗಿದ್ದರೆ ದಾರಿ ಬೇರೆ. ಸೇವಾ ಕಾರ್ಡುಗಳು ವಾಷಿಂಗ್ಟನ್ನಿನಲ್ಲೇ ಇವೆ, ಆದರೆ ಪಿಂಚಣಿ ಕೊಟ್ಟದ್ದು ದಕ್ಷಿಣದ ರಾಜ್ಯಗಳು. ಅದೂ ಅವನು ಯಾವ ರಾಜ್ಯದಿಂದ ಸೇನೆ ಸೇರಿದ ಎಂದು ನೋಡಿ ಅಲ್ಲ, ಮುಪ್ಪಿನಲ್ಲಿ ಎಲ್ಲಿ ವಾಸವಾಗಿದ್ದ ಎಂದು ನೋಡಿ. ಜಾರ್ಜಿಯಾದ ರೆಜಿಮೆಂಟಿನಲ್ಲಿದ್ದು ಟೆಕ್ಸಾಸ್‌ನಲ್ಲಿ ಕಣ್ಣುಮುಚ್ಚಿದವನ ಕಡತವನ್ನು ಟೆಕ್ಸಾಸ್ ರಾಜ್ಯದ ಪತ್ರಾಗಾರದಲ್ಲಿ ಕೇಳಬೇಕು.

ಯೂನಿಯನ್ ಕಡತ ತರಿಸುವವರು ಮೊದಲು ಪಿಂಚಣಿ ಸೂಚಿಯ ಕಾರ್ಡು ನೋಡಲಿ. ಹೆಸರಿನ ಸೂಚಿಯಲ್ಲಿ ಸಿಗದಿದ್ದರೆ ರೆಜಿಮೆಂಟ್, ಕಂಪನಿಯ ಪ್ರಕಾರ ಜೋಡಿಸಿದ ಇನ್ನೊಂದು ಸೂಚಿಯಿದೆ. ಕಾಗುಣಿತ ಕೆಟ್ಟ ಹೆಸರುಗಳು ಅದರಲ್ಲಿ ಕೈಗೆ ಸಿಗುತ್ತವೆ. ಕಾರ್ಡಿನಲ್ಲಿ ಸಿಪಾಯಿಯ ಸಂಖ್ಯೆಯ ಜೊತೆಗೆ ವಿಧವೆಯ ಸಂಖ್ಯೆಯೂ ಇದ್ದರೆ ಎರಡನ್ನೂ ಅರ್ಜಿಯಲ್ಲಿ ಬರೆಯಬೇಕು. ಆಯ್ದ ಪುಟಗಳ ನಕಲು ಅಗ್ಗವೆಂದು ಅದನ್ನೇ ತರಿಸಬೇಡಿ. ನೆರೆಹೊರೆಯವರ ಹೇಳಿಕೆಗಳು ಸಾಮಾನ್ಯವಾಗಿ ಆ ಆಯ್ಕೆಯಲ್ಲಿ ಬರುವುದಿಲ್ಲ. ಪೂರ್ತಿ ಕಡತವನ್ನೇ ಕೇಳಿ.