ಸುಳ್ಳು ಅಂತ ಗೊತ್ತಿದ್ದೂ 700 ಕಿಲೋಮೀಟರ್

"ಎಂತಾ ಮಾರಾಯ, ಅದೆಲ್ಲ ಸುಳ್ಳಲ್ವಾ?"

ಸೆಪ್ಟೆಂಬರ್ ತಿಂಗಳ ಆ ಮೂರು ದಿನಗಳಲ್ಲಿ ನಾವು ಅತಿ ಹೆಚ್ಚು ಸಲ ಕೇಳಿಸಿಕೊಂಡ ಮಾತು ಇದು. ಭಟ್ಕಳದಲ್ಲಿ ಕಾರಿನ ಕೀ ಕೊಡುತ್ತಾ ಮಾಮ ಕೇಳಿದರು. ಹೊನ್ನಾವರದಲ್ಲಿ ಜಗಲಿ ಮೇಲೆ ಕೂತಿದ್ದ ಅಜ್ಜ ಕೇಳಿದರು. ಕುಮಟಾದಲ್ಲಿ ಅಮ್ಮ, "ಸುಳ್ಳು ಹೊಡೆದಾಟ ನೋಡ್ಲಿಕ್ಕೆ ಹೈದರಾಬಾದಿಗಾ?" ಅಂದರು. ವಾಪಸ್ ಬಂದ ಮೇಲೆ ಮೆಸ್‌ನಲ್ಲಿ ಉಳಿದವರೆಲ್ಲ ಕೇಳಿ ಮುಗಿಸಿದರು. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ. ಎಲ್ಲರಿಗೂ ಒಂದೇ ಸಲ ಉತ್ತರ ಕೊಟ್ಟುಬಿಡೋಣ ಅಂತ ಈ ಬರಹ.

ಹೌದು, ಡಬ್ಲ್ಯುಡಬ್ಲ್ಯುಇ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತದೆ. ನಮಗೂ ಗೊತ್ತು. ಅದು ಗುಟ್ಟೂ ಅಲ್ಲ. ಕ್ರೀಡಾ ಆಯೋಗದ ಕಟ್ಟುಪಾಡುಗಳಿಂದ ತಪ್ಪಿಸಿಕೊಳ್ಳಲು 1989ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಆ ಕಂಪನಿಯವರೇ ನಮ್ಮದು ಸ್ಪರ್ಧೆ ಅಲ್ಲ, ಮನರಂಜನೆ ಅಂತ ಒಪ್ಪಿಕೊಂಡಿದ್ದರು. ನಾವು ಹುಟ್ಟುವ ಮೊದಲೇ ಬಯಲಾದ ವಿಷಯವನ್ನು ಇವತ್ತಿಗೂ ಜನ ದೊಡ್ಡ ಪತ್ತೇದಾರಿಕೆ ಮಾಡಿದವರ ಹಾಗೆ ನಮ್ಮ ಮುಂದೆ ಇಡುತ್ತಾರೆ.

ಗೊತ್ತಿದ್ದೂ ಹೋದೆವು. ಅದಕ್ಕೆ ನಮಗೆ ನಾಚಿಕೆ ಇಲ್ಲ.

ನಾವು ನಾಲ್ಕು ಜನ. ಭಟ್ಕಳದವ ಒಬ್ಬ, ಹೊನ್ನಾವರದವರಿಬ್ಬರು, ಕುಮಟಾದವ ಒಬ್ಬ. ಚಿಕ್ಕವರಿದ್ದಾಗ ಟ್ರಂಪ್ ಕಾರ್ಡ್ಸ್ ಆಡಿ, ಯಾರ ಎದೆ ಎಷ್ಟು ಇಂಚು, ಯಾರ ತೂಕ ಎಷ್ಟು ಅಂತ ಬಾಯಿಪಾಠ ಮಾಡಿದವರು. 2014ರಲ್ಲಿ ರೆಸಲ್‌ಮೇನಿಯಾದಲ್ಲಿ 21 ಸಲ ಸತತ ಗೆದ್ದಿದ್ದ ಅಂಡರ್‌ಟೇಕರ್ ಬ್ರಾಕ್ ಲೆಸ್ನರ್‌ಗೆ ಸೋತ ದಿನ ಬೇರೆ ಬೇರೆ ಮನೆಗಳಲ್ಲಿ ಕೂತು ಊಟ ಬಿಟ್ಟವರು. ಹಾಗಾಗಿ 2023ರ ಸೆಪ್ಟೆಂಬರ್ 8ಕ್ಕೆ ಹೈದರಾಬಾದಿನ ಗಚ್ಚಿಬೌಲಿ ಒಳಾಂಗಣ ಕ್ರೀಡಾಂಗಣದಲ್ಲಿ 'ಸೂಪರ್‌ಸ್ಟಾರ್ ಸ್ಪೆಕ್ಟಕಲ್' ನಡೆಯುತ್ತದೆ, ಜಾನ್ ಸೀನಾ ಬರುತ್ತಾನೆ ಅಂತ ಸುದ್ದಿ ಬಂದಾಗ, ಹೋಗೋದಾ ಬೇಡವಾ ಅನ್ನೋ ಚರ್ಚೆಯೇ ಆಗಲಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಆಗುತ್ತಾ ಅನ್ನೋದು ಮಾತ್ರ ಚರ್ಚೆ ಆಯಿತು.

ಗುರುವಾರ ಸಂಜೆ ಭಟ್ಕಳದಿಂದ ಹೊರಟೆವು. ಮಾಮನ ಕಾರು, ಡಿಕ್ಕಿಯಲ್ಲಿ ಬಿರಿಯಾನಿ ಡಬ್ಬಿ. ಶರಾವತಿ ಸೇತುವೆ ದಾಟಿ ಹೊನ್ನಾವರದಲ್ಲಿ ಇಬ್ಬರು ಹತ್ತಿಕೊಂಡರು, ಕುಮಟಾದಲ್ಲಿ ಇನ್ನೊಬ್ಬ. ಅಂಕೋಲಾದಲ್ಲಿ ಬಲಕ್ಕೆ ತಿರುಗಿ ಅರಬೈಲ್ ಘಟ್ಟ ಹತ್ತುವಾಗ ಮಳೆ, ಮಂಜು, ಮುಂದೆ ಲಾರಿಗಳ ಸಾಲು. ಎರಡನೇ ಗೇರ್‌ನಲ್ಲೇ ಯಲ್ಲಾಪುರ. ಹುಬ್ಬಳ್ಳಿಯಲ್ಲಿ ಚಹಾ, ಆಮೇಲೆ ಗದಗ, ಕೊಪ್ಪಳ, ಸಿಂಧನೂರು, ರಾಯಚೂರು. ಸರದಿ ಮೇಲೆ ಡ್ರೈವಿಂಗ್, ಸರದಿ ಮೇಲೆ ನಿದ್ದೆ. ಹಸಿರೆಲ್ಲ ಹಿಂದೆ ಉಳಿದು ಬೆಳಗಾಗುವಾಗ ಸುತ್ತ ಬಯಲು ಸೀಮೆ. ಭಟ್ಕಳದಿಂದ ಲೆಕ್ಕ ಹಾಕಿದರೆ ಸುಮಾರು 700 ಕಿಲೋಮೀಟರ್.

ಆ ರಾತ್ರಿಯೆಲ್ಲ ಕಾರಿನಲ್ಲಿ ನಡೆದದ್ದು ಅಜ್ಜನ ಮಾತಿನ ಮೇಲಿನ ಜಗಳ. ಹೊನ್ನಾವರದ ಅಜ್ಜ ಯಕ್ಷಗಾನದ ಹುಚ್ಚಿನವರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಆಟ ಎಲ್ಲೇ ಇದ್ದರೂ ನಡೆದುಕೊಂಡಾದರೂ ಹೋದ ಕಾಲದವರು. ನಾವು ಹೊರಡುವಾಗ ಕರೆದು, "ಯಾರು ಗೆಲ್ಲದು ಹೇಳಿ ಮೊದ್ಲೇ ಬರ್ದಿರ್ತಡ, ಹೌದನಾ ತಮಾ?" ಅಂತ ಕೇಳಿದರು. ಹೌದು ಅಂದೆವು. ಬೈಯುತ್ತಾರೆ ಅಂದುಕೊಂಡರೆ ಅಜ್ಜ ನಕ್ಕರು. "ಕೀಚಕ ಸಾಯ್ತ ಹೇಳಿ ನಂಗೂ ಗೊತ್ತಿತ್ತು. ಹ್ಯಾಂಗೆ ಸಾಯ್ತ ಹೇಳಿ ನೋಡಲೆ ಹೋಗ್ತಿದ್ದಿ" ಅಂದರು.

ನಮ್ಮ ಇಡೀ ವಾದ ಇಷ್ಟೇ. ಉಳಿದದ್ದು ಅದರ ವಿವರಣೆ.

ಕರಾವಳಿಯಲ್ಲಿ ಹುಟ್ಟಿದ ಯಾರೂ ಯಕ್ಷಗಾನದ ಟೆಂಟಿನ ಮುಂದೆ ನಿಂತು "ಭಸ್ಮಾಸುರ ಸಾಯೋದು ಮೊದಲೇ ಫಿಕ್ಸ್ ಅಲ್ವಾ?" ಅಂತ ಕೇಳುವುದಿಲ್ಲ. ಪ್ರಸಂಗ ಗೊತ್ತಿದ್ದೇ ಬರುತ್ತಾರೆ. ಪದ್ಯ ಬರೆದಿಟ್ಟದ್ದು, ಆದರೆ ಅರ್ಥ ವೇಷಧಾರಿ ಆ ಕ್ಷಣಕ್ಕೆ ಕಟ್ಟಿ ಹೇಳುವುದು. ಎದುರಿನ ವೇಷ ಎಸೆದ ಮಾತಿಗೆ ತಕ್ಕ ಉತ್ತರ ಅಲ್ಲೇ ಹುಟ್ಟಬೇಕು. ಯಾವುದನ್ನು ಬೆಳೆಸಬೇಕು, ಯಾವುದನ್ನು ಮುಗಿಸಬೇಕು ಅನ್ನೋದು ಭಾಗವತರ ಕೈಯಲ್ಲಿ. ರಿಂಗ್‌ನಲ್ಲೂ ಹೀಗೆಯೇ. ಕೊನೆ ಗೊತ್ತಿರುತ್ತದೆ, ನಡುವಿನ ಎಷ್ಟೋ ಭಾಗವನ್ನು ಇಬ್ಬರೂ ಅಲ್ಲೇ ಕಿವಿಮಾತಲ್ಲಿ ಹೇಳಿಕೊಂಡು ಕಟ್ಟುತ್ತಾರೆ. ಎಷ್ಟು ಹೊತ್ತು ಉಳಿದಿದೆ ಅನ್ನೋ ಸೂಚನೆ ರೆಫ್ರಿಯ ಕಿವಿಗೆ ಬಂದು ಅವನಿಂದ ಇವರಿಗೆ ದಾಟುತ್ತದೆ. ಜನ ಕೂಗಿದರೆ ಹೊಡೆತ ಉದ್ದವಾಗುತ್ತದೆ, ಜನ ತಣ್ಣಗಾದರೆ ಬೇಗ ಮುಗಿಯುತ್ತದೆ. ಟಿವಿಯಲ್ಲಿ ಇದು ಕಾಣುವುದಿಲ್ಲ. ಗಚ್ಚಿಬೌಲಿಯಲ್ಲಿ ಸೀನಾ ಮುಖದ ಮುಂದೆ ಕೈ ಆಡಿಸುವ ಮೊದಲು ಒಂದು ಗಳಿಗೆ ಸುಮ್ಮನೆ ನಿಂತು ನಮ್ಮ ಕೂಗು ಏರುವುದನ್ನು ಕಾದ. ಆ ಕಾಯುವಿಕೆ ನೋಡಿದಾಗ ಪಕ್ಕದಲ್ಲಿದ್ದ ಹೊನ್ನಾವರದವ, "ಇದು ನಮ್ ಆಟದ ಪ್ರವೇಶದ ಹಾಗೇ ಉಂಟಲ್ಲ ಮಾರಾಯ" ಅಂದ. ಅವತ್ತು ಸೀನಾ, ಸೆತ್ ರಾಲಿನ್ಸ್ ಜೋಡಿ ಲುಡ್ವಿಗ್ ಕೈಸರ್ ಮತ್ತು ಜಿಯೊವಾನಿ ವಿಂಚಿಯನ್ನು ಸೋಲಿಸಿತು. ಸೋಲಿಸುತ್ತದೆ ಅಂತ ಅರಬೈಲ್ ಘಟ್ಟದಲ್ಲೇ ನಮಗೆ ಗೊತ್ತಿತ್ತು. ಆದರೂ ಗಂಟಲು ಬಿದ್ದುಹೋಗಿತ್ತು.

ಈಗ ಎಂಜಿನಿಯರಿಂಗ್ ಲೆಕ್ಕಕ್ಕೆ ಬರೋಣ. "ಸುಳ್ಳು" ಅನ್ನುವವರು ಪೆಟ್ಟೂ ಸುಳ್ಳು ಅಂದುಕೊಂಡಿದ್ದಾರೆ. ರಿಂಗ್ ಅಂದರೆ 20 ಅಡಿ ಚೌಕ. ಉಕ್ಕಿನ ತೊಲೆ, ಅದರ ಮೇಲೆ ಮರದ ಹಲಗೆ, ತೆಳು ಫೋಮ್, ಮೇಲೆ ಕ್ಯಾನ್ವಾಸ್. ಹಾಸಿಗೆ ಅಲ್ಲ. ಎರಡು ಮೀಟರ್ ಎತ್ತರದಿಂದ ಬೀಳುವ ದೇಹ ನೆಲ ಮುಟ್ಟುವಾಗ ಸೆಕೆಂಡಿಗೆ ಸುಮಾರು 6.3 ಮೀಟರ್, ಅಂದರೆ ಗಂಟೆಗೆ 22 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿರುತ್ತದೆ. ಇದು ಪಿಯುಸಿ ಫಿಸಿಕ್ಸ್. ಯಾರ ಸ್ಕ್ರಿಪ್ಟೂ ಗುರುತ್ವವನ್ನು ಬದಲಿಸುವುದಿಲ್ಲ. ಹಾಗಾಗಿ ಅವರು ವರ್ಷಗಟ್ಟಲೆ ಕಲಿಯುವುದು ಹೊಡೆಯುವುದಕ್ಕಿಂತ ಬೀಳುವುದನ್ನು. ಗದ್ದ ಎದೆಗೆ ಒತ್ತಿ ತಲೆ ಉಳಿಸಿಕೊಳ್ಳಬೇಕು, ಬೆನ್ನು ಪೂರ್ತಿ ಒಟ್ಟಿಗೆ ತಾಗಬೇಕು, ಕೈ ಚಾಚಿ ನೆಲಕ್ಕೆ ಬಡಿಯಬೇಕು. ಬಲ ಅಷ್ಟೇ, ಅದು ಹರಡುವ ಜಾಗ ಹೆಚ್ಚು. ನಮ್ಮ ಸೀಟು ದೂರ ಇತ್ತು, ಆದರೂ ಹಲಗೆಯ ಸದ್ದು ನಮ್ಮವರೆಗೆ ಬರುತ್ತಿತ್ತು.

ಲೆಕ್ಕ ತಪ್ಪಿದರೆ ಏನಾಗುತ್ತದೆ? 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ ಓವನ್ ಹಾರ್ಟ್ ಮೇಲಿನಿಂದ ಹಗ್ಗದಲ್ಲಿ ಇಳಿದುಬರಬೇಕಿತ್ತು, ಕೊಂಡಿ ಬಿಟ್ಟು ಬಿದ್ದು ಸತ್ತ. ಅದೇ ವರ್ಷ ಅಕ್ಟೋಬರ್‌ನಲ್ಲಿ ಡ್ರೋಜ್ ಎಂಬ ಹೆಸರಲ್ಲಿ ಆಡುತ್ತಿದ್ದ ಡ್ಯಾರೆನ್ ಡ್ರೋಜ್ಡಾವ್ ಒಂದು ಪಟ್ಟು ತಪ್ಪಿ ಕುತ್ತಿಗೆ ಮುರಿದುಕೊಂಡ. ಆಮೇಲೆ ಜೀವನವೆಲ್ಲ ಗಾಲಿಕುರ್ಚಿ. 2023ರ ಜೂನ್ ಕೊನೆಯಲ್ಲಿ ತೀರಿಕೊಂಡ. ಇವು ಯಾವುದೂ ಬರೆದಿಟ್ಟದ್ದಲ್ಲ. ನಮ್ಮ ಕಡೆಯೂ ಹೀಗೆ ಮೈಯನ್ನೇ ಒತ್ತೆ ಇಟ್ಟವರು ಇದ್ದಾರೆ. ಕೆರೆಮನೆ ಶಂಭು ಹೆಗಡೆ 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷ ಕಟ್ಟಿದ ರಾತ್ರಿಯೇ ಹೋದರು. ಪ್ರಸಂಗ ಪುರಾಣದ್ದು, ಎದೆ ಅವರದೇ.

ನಮಗೆ ಹೈದರಾಬಾದಿನಲ್ಲಿ ಮನಸ್ಸಿಗೆ ತಾಗಿದ್ದು ಸೀನಾ ಪಂದ್ಯ ಅಲ್ಲ, ಶ್ಯಾಂಕಿಯದ್ದು. ಹರಿಯಾಣದ ಹುಡುಗ, ಸುಮಾರು ಏಳಡಿ ಎತ್ತರ, ಗ್ರೇಟ್ ಖಲಿಯ ಅಕಾಡೆಮಿಯಲ್ಲಿ ಕಲಿತವ. ಎದುರಿಗೆ ಇಂಟರ್‌ಕಾಂಟಿನೆಂಟಲ್ ಚಾಂಪಿಯನ್ ಗುಂತರ್. ಅದೇ ವಾರ ಗುಂತರ್ 454 ದಿನಗಳ ಹಳೇ ದಾಖಲೆ ಮುರಿಯುತ್ತಿದ್ದ, ಹಾಗಾಗಿ ಶ್ಯಾಂಕಿ ಸೋಲುತ್ತಾನೆ ಅನ್ನೋದು ಮಕ್ಕಳಿಗೂ ಗೊತ್ತು. ಆದರೂ ಇಡೀ ಕ್ರೀಡಾಂಗಣ ಎದ್ದು ನಿಂತು ಅವನಿಗಾಗಿ ಕೂಗಿತು. ಅವನು ಸೋತ. ಗುಂತರ್‌ನ ಅಂಗೈ ಏಟು ಅವನ ಎದೆಗೆ ಬಿದ್ದಾಗ ಅದು ನಟನೆ ಅಂತ ನಮಗೆ ಅನ್ನಿಸಲಿಲ್ಲ.

ಆಮೇಲೆ ನಡೆದದ್ದು ಕೇಳಿ. ಸೆಪ್ಟೆಂಬರ್ 12ಕ್ಕೆ ಡಬ್ಲ್ಯುಡಬ್ಲ್ಯುಇ, ಯುಎಫ್‌ಸಿ ಜೊತೆ ಸೇರಿ ಟಿಕೆಒ ಅನ್ನೋ ದೊಡ್ಡ ಕಂಪನಿ ಆಯಿತು. 21ರಂದು ಹಲವು ಕುಸ್ತಿಪಟುಗಳನ್ನು ಒಂದೇ ದಿನ ತೆಗೆದುಹಾಕಿದರು. ಪಟ್ಟಿಯಲ್ಲಿ ಶ್ಯಾಂಕಿಯೂ ಇದ್ದ. ನಾವು ಕೂಗಿ ಎರಡು ವಾರವೂ ಆಗಿರಲಿಲ್ಲ. ನಾವು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಆ ಸುದ್ದಿ ಓದಿದೆವು. ಯಾರೂ ಮಾತಾಡಲಿಲ್ಲ. ನಮ್ಮ ಸೀನಿಯರ್‌ಗಳು ಆಫರ್ ಲೆಟರ್ ಹಿಡಿದು ಜಾಯಿನಿಂಗ್ ಡೇಟಿಗೆ ಕಾಯುತ್ತಿದ್ದ ವರ್ಷ ಅದು. ಪಂದ್ಯದ ಫಲಿತಾಂಶ ಮೊದಲೇ ಬರೆದದ್ದು ಅಂತ ನಗುವವರು, ಕೆಲಸ ಕಳೆದುಕೊಳ್ಳುವ ಪಟ್ಟಿಯೂ ಎಲ್ಲೋ ಮೊದಲೇ ಬರೆದಿರುತ್ತದೆ ಅನ್ನೋದನ್ನು ಮರೆಯುತ್ತಾರೆ. ಇನ್ನೊಂದು ವಿಷಯ. ಈ ಕುಸ್ತಿಪಟುಗಳನ್ನು ಕಂಪನಿ ನೌಕರರು ಅಂತ ಕರೆಯುವುದೇ ಇಲ್ಲ, ಸ್ವತಂತ್ರ ಗುತ್ತಿಗೆದಾರರು ಅನ್ನುತ್ತದೆ. ನಿಜವಾದ ಸುಳ್ಳು ಹುಡುಕಬೇಕಿದ್ದರೆ ಅಲ್ಲಿ ಹುಡುಕಿ.

ನಾವು ಕುರುಡು ಅಭಿಮಾನಿಗಳಲ್ಲ. ಇನ್ನೊಂದು ಸುಳ್ಳನ್ನು ವಾಪಸ್ ಬರುವಾಗ ಭಟ್ಕಳದವ ಎತ್ತಿ ತೋರಿಸಿದ. ಐರನ್ ಶೇಖ್ ಅಂತ ಒಬ್ಬ ಇರಾನಿನ ಕುಸ್ತಿಪಟು ಇದ್ದ, 2023ರ ಜೂನ್‌ನಲ್ಲಿ ತೀರಿಕೊಂಡ. 1984ರಲ್ಲಿ ಹಲ್ಕ್ ಹೋಗನ್‌ನನ್ನು ಹೀರೋ ಮಾಡಲು ಅವನನ್ನು ವಿಲನ್ ಮಾಡಿ ಸೋಲಿಸಿದರು. "ಅವನು ಕೆಟ್ಟವ ಅಂತ ತೋರ್ಸೋಕೆ ಬೇರೆ ಕಥೆಯೇ ಬೇಕಾಗ್ಲಿಲ್ಲ. ಅವನ ಊರು, ಅವನ ಬಾವುಟ ಸಾಕಾಯ್ತು" ಅಂದ ಭಟ್ಕಳದವ. ನಾವು ಮೂವರೂ ಇದನ್ನು ಹೀಗೆ ಯೋಚಿಸಿಯೇ ಇರಲಿಲ್ಲ. ಇಲ್ಲಿ ನಮ್ಮ ಆಟವೇ ಮೇಲು. ಕೀಚಕನಿಗೂ ಮಾತಾಡಲು ಅವಕಾಶ ಇದೆ. ಕೌರವ ತನ್ನ ನ್ಯಾಯ ಹೇಳಿಕೊಳ್ಳುತ್ತಾನೆ. ಚಿಟ್ಟಾಣಿಯವರು 2012ರಲ್ಲಿ ಪದ್ಮಶ್ರೀ ಪಡೆದರಲ್ಲ, ಅವರಿಗೆ ಹೆಸರು ತಂದದ್ದೇ ಇಂಥ ಕೀಚಕ, ಭಸ್ಮಾಸುರ, ದುಷ್ಟಬುದ್ಧಿ ವೇಷಗಳು. ಸಾಯುವವನ ಮಾತನ್ನೂ ಕೇಳಿಸುವ ಕಥೆ ಮತ್ತು ಬಾವುಟ ತೋರಿಸಿ ಬೈಯಿಸುವ ಕಥೆ, ಇವೆರಡೂ ಒಂದೇ ಅಲ್ಲ.

ಮಕ್ಕಳು ಇದನ್ನು ನೋಡಿ ಶಾಲೆಯಲ್ಲಿ ಕುತ್ತಿಗೆ ಹಿಡಿಯುತ್ತಾರೆ ಅನ್ನೋ ದೂರು ನಿಜ. ನಮ್ಮಲ್ಲೇ ಒಬ್ಬನ ಹುಬ್ಬಿನ ಮೇಲೆ ಐದನೇ ಕ್ಲಾಸಿನ ಗುರುತು ಇದೆ. ಆದರೆ ಇದಕ್ಕೆ "ಅದು ಸುಳ್ಳು" ಅಂತ ಹೇಳುವುದು ಮದ್ದಲ್ಲ, ಅಪಾಯ. ಸುಳ್ಳು ಅಂದುಕೊಂಡೇ ಅಲ್ವಾ ನಾವು ಹಾರಿದ್ದು? ಅದು ನಿಜವಾಗಿ ನೋಯುತ್ತದೆ, ಬೀಳುವುದನ್ನು ಕಲಿಯಲು ವರ್ಷಗಳು ಬೇಕು ಅಂತ ಯಾರಾದರೂ ಹೇಳಿದ್ದರೆ ಮಂಚದ ಮೇಲಿಂದ ಇಳಿದು ಬರುತ್ತಿದ್ದೆವೇನೋ.

ಹಾಗಾಗಿ ನಮ್ಮ ಕೋರಿಕೆ ಸಣ್ಣದು. ಮುಂದಿನ ಸಲ "ಸುಳ್ಳಲ್ವಾ?" ಅಂತ ಕೇಳುವ ಬದಲು ಬೇರೆ ಪ್ರಶ್ನೆ ಕೇಳಿ. ಬಿದ್ದವನಿಗೆ ಏನಾಯ್ತು? ಅವನ ಆಸ್ಪತ್ರೆ ಬಿಲ್ ಯಾರು ಕಟ್ಟಿದರು? ಅವನಿಗೆ ಮಾತಾಡಲು ಬಿಟ್ಟರಾ? ಇದನ್ನು ರೆಸ್ಲಿಂಗಿಗೂ ಕೇಳಿ, ಸಿನಿಮಾದ ಸ್ಟಂಟಿಗೂ ಕೇಳಿ, ನಮ್ಮ ಮೇಳಗಳಿಗೂ ಕೇಳಿ. ಮಳೆಗಾಲದಲ್ಲಿ ತಿರುಗಾಟ ನಿಂತಾಗ ವೇಷಧಾರಿಗಳು ಹೇಗೆ ದಿನ ತಳ್ಳುತ್ತಾರೆ ಅಂತ ಹೊನ್ನಾವರದಲ್ಲೇ ಹುಟ್ಟಿದ ನಮಗೆ ಗೊತ್ತಿರಲಿಲ್ಲ. ಸೀನಾನ ಬೈಸೆಪ್ಸ್ ಎಷ್ಟು ಇಂಚು ಅಂತ ಗೊತ್ತಿತ್ತು. ಈ ತಪ್ಪು ನಮ್ಮದೇ.

ವಾಪಸ್ ಬಂದು ಅಜ್ಜನಿಗೆ ಎಲ್ಲ ಹೇಳಿದೆವು. ಶ್ಯಾಂಕಿ ಪಂದ್ಯದ ವಿಡಿಯೊ ತೋರಿಸಿದೆವು. ಅಜ್ಜ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿ, "ಬಿದ್ದವ ಚೊಲೊ ಬಿದ್ದ" ಅಂದರು. ಅಷ್ಟೇ. ಗೆದ್ದವನ ಹೆಸರು ಕೇಳಲೇ ಇಲ್ಲ.

ದೀಪಾವಳಿ ಕಳೆದರೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಹತ್ತಿರದಲ್ಲಿ ಕೀಚಕವಧೆ ಬಿದ್ದ ದಿನ ನಾವು ನಾಲ್ವರೂ ಟಿಕೆಟ್ ತಗೊಂಡೇ ಹೋಗುತ್ತೇವೆ. ಈ ಸಲ ದೂರ ಏಳು ಕಿಲೋಮೀಟರೂ ಇಲ್ಲ. ಕಾರಿನಲ್ಲಿ ಒಂದು ಸೀಟು ಖಾಲಿ ಇದೆ. ಬರುವವರು ಬನ್ನಿ. ಯಾರು ಸಾಯುತ್ತಾರೆ ಅಂತ ಮಾತ್ರ ಕೇಳಬೇಡಿ.