ಚುಚ್ಚಿದ ಸೂಜಿ ಆಮೇಲೆ ಎಲ್ಲಿಗೆ ಹೋಗುತ್ತದೆ?

ಮಾಲಿನ್ಯ ನಿಯಂತ್ರಣ ಮಂಡಳಿ ಎಂದಾಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಕಾರ್ಖಾನೆಯ ಹೊಗೆ, ಇಲ್ಲವೇ ನೊರೆ ತುಂಬಿದ ಕೆರೆ. ನಿಮ್ಮ ಬೀದಿಯ ಡಾಕ್ಟರ ಕ್ಲಿನಿಕ್ಕಿಗೂ ಈ ಮಂಡಳಿಗೂ ಸಂಬಂಧವಿದೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅಜ್ಜಿಗೆ ಚುಚ್ಚುಮದ್ದು ಕೊಟ್ಟ ಸೂಜಿ ಸರಿಯಾದ ಜಾಗಕ್ಕೆ ಹೋಯಿತೇ ಎಂದು ನೋಡುವ ಹೊಣೆ ಕಾನೂನಿನಂತೆ ರಾಜ್ಯ ಮಂಡಳಿಯದು.

ಆಸ್ಪತ್ರೆ ತ್ಯಾಜ್ಯದ ನಿಯಮಗಳು ಮೊದಲು ಬಂದದ್ದು 1998ರಲ್ಲಿ. 2016ರಲ್ಲಿ ಅವನ್ನು ಹೊಸದಾಗಿ ರೂಪಿಸಲಾಯಿತು. ಇವುಗಳ ಪ್ರಕಾರ ಸಣ್ಣ ಕ್ಲಿನಿಕ್ಕು, ರಕ್ತ ಪರೀಕ್ಷೆಯ ಲ್ಯಾಬು ಕೂಡ ಮಂಡಳಿಯ ಅನುಮತಿ ಪಡೆಯಬೇಕು. ಸೂಜಿ, ಬ್ಲೇಡುಗಳು ತೂತಾಗದಂಥ ಬಿಳಿ ಡಬ್ಬಿಗೆ ಹೋಗಬೇಕು. ಸೂಜಿ ತೆಗೆದ ಸಿರಿಂಜು, ಡ್ರಿಪ್ ನಳಿಕೆಗಳು ಕೆಂಪು ಚೀಲಕ್ಕೆ. ರಕ್ತ ಮೆತ್ತಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ. ಅದನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಇಷ್ಟೆಲ್ಲ ಕಟ್ಟುನಿಟ್ಟು ಏಕೆ? ಹೆಪಟೈಟಿಸ್ ಬಿ ವೈರಸ್ಸು ದೇಹದ ಹೊರಗೆ ಕನಿಷ್ಠ ಏಳು ದಿನ ಜೀವಂತವಿರಬಲ್ಲದು. 2009ರಲ್ಲಿ ಗುಜರಾತಿನ ಮೊಡಾಸ ಪಟ್ಟಣದಲ್ಲಿ ಈ ಕಾಮಾಲೆ ಹರಡಿ ಅನೇಕರು ಸತ್ತರು. ಸಿರಿಂಜುಗಳ ಮರುಬಳಕೆಯೇ ಕಾರಣವೆಂದು ಕಂಡುಬಂತು. ಬಳಸಿದ ಸಿರಿಂಜುಗಳು ಗುಜರಿಯ ದಾರಿಯಲ್ಲಿ ಮತ್ತೆ ಮಾರಾಟವಾಗುತ್ತಿದ್ದ ಸಂಗತಿಯೂ ಆಗ ಬಯಲಾಯಿತು. ಕಸದಲ್ಲಿ ಬಿದ್ದ ಸೂಜಿ ಮೊದಲು ಚುಚ್ಚುವುದಂತೂ ಪೌರಕಾರ್ಮಿಕರ ಕೈಗೆ. ಹೆಪಟೈಟಿಸ್ ಬಿ ತಡೆಯಲು ಲಸಿಕೆಯಿದೆ. ಹೆಪಟೈಟಿಸ್ ಸಿ, ಎಚ್‌ಐವಿಗಳಿಗೆ ಅದೂ ಇಲ್ಲ.

ನನ್ನ ತಕರಾರು ನಿಯಮದ ಬಗ್ಗೆ ಅಲ್ಲ, ಅದರಲ್ಲಿ ಉಳಿದ ಒಂದು ಸಂದಿಯ ಬಗ್ಗೆ. ಹಾಸಿಗೆಗಳಿರುವ ಆಸ್ಪತ್ರೆ ಅನುಮತಿಯನ್ನು ಆಗಾಗ ನವೀಕರಿಸಬೇಕು. ಹಾಸಿಗೆ ಇಲ್ಲದ ಕ್ಲಿನಿಕ್ಕಿಗಾದರೋ ಒಮ್ಮೆ ಕೊಟ್ಟರೆ ಮುಗಿಯಿತು. ಆಮೇಲೆ ವರ್ಷಕ್ಕೊಮ್ಮೆ ಕ್ಲಿನಿಕ್ಕೇ ತನ್ನ ಬಗ್ಗೆ ಬರೆದುಕೊಡುವ ವರದಿ. ನಾವು ನೆಗಡಿ ಜ್ವರಕ್ಕೆಲ್ಲ ಓಡುವುದು ದೊಡ್ಡ ಆಸ್ಪತ್ರೆಗಲ್ಲ, ಇಂಥ ಕ್ಲಿನಿಕ್ಕಿಗೇ. ಮಂಡಳಿಯ ಅಧಿಕಾರಿಗಳು ಮುನ್ಸೂಚನೆ ಕೊಡದೆ ಹೋಗಿ ನೋಡಬೇಕಾದದ್ದು ಇಲ್ಲಿ. ಅನುಮತಿ ಪತ್ರವನ್ನು ರೋಗಿಗಳು ಕೂರುವ ಜಾಗದಲ್ಲಿ ತೂಗುಹಾಕಿಸಿ, ಕೊನೆಯ ತಪಾಸಣೆಯ ದಿನಾಂಕವನ್ನೂ ಅದರಡಿ ಬರೆಸಿದರೆ ಖರ್ಚೇನೂ ಇಲ್ಲ. ಸಿಬ್ಬಂದಿ ಸಾಲದು ಎಂಬ ಮಾತು ಬರುತ್ತದೆ. ಹಾಗಿದ್ದರೆ ಸಿಬ್ಬಂದಿ ಕೊಡುವುದು ಸರ್ಕಾರದ ಕೆಲಸ.

ಅಲ್ಲಿಯವರೆಗೆ ನೀವೇ ಕೇಳಿ. ಹೊಸ ಸಿರಿಂಜನ್ನು ನಿಮ್ಮ ಕಣ್ಣೆದುರೇ ಬಿಚ್ಚಲಿ. ಸೂಜಿ ಬಿಳಿ ಡಬ್ಬಿಗೆ ಬಿತ್ತೇ ನೋಡಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ. ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದರೆ ಬಳಸಿದ ಸೂಜಿಗಳನ್ನು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಕಸದವರಿಗೆ ಹೇಳಿಯೇ ಬೇರೆಯಾಗಿ ಕೊಡಿ.